ಹುಳ ಹಣ್ಣಾದ ಸಂಜೆಯ ಸಂಗೀತ

ವಿಚಿತ್ರ ಅನುಭವ ಹೇಳಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಅಂಥವರನ್ನು ಗೇಲಿ ಮಾಡುವ ಗುಂಪಿನಲ್ಲಿ ಮಾತ್ರ ಸದಾ ಮುಂದಿನ ಬೆಂಚು ನನ್ನದು. ಹುಣಸೆಮರದ ಕೆಳಗೆ ಬಿಳಿ ಸೀರೆಯವಳನ್ನು ಕಂಡೆ ಎಂದ ಗೆಳೆಯನನ್ನು, ಸೀರೆಯ ಅಂಚು ಯಾವ ಬಣ್ಣದ್ದು ಎಂದು ಕೇಳಿ ಕೇಳಿ ಸುಸ್ತು ಮಾಡಿದ್ದೇನೆ. ರಾಗ ಕನಸಿನಲ್ಲಿ ಬಂತು ಎನ್ನುವ ಸಂಗೀತಗಾರರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ನನ್ನ ಕನಸಿನಲ್ಲಿ ಬರುವುದು ತಪ್ಪಿಹೋದ ಬಸ್ಸು ಮಾತ್ರ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಸಿನಿಮಾದ ಸಂಗೀತ ನಿರ್ದೇಶಕರು ಒಂದು ಮಟ್ಟು ಹಾಕುತ್ತಾರೆ. ಅದನ್ನು ಪಿಟೀಲು, ಪಿಟೀಲಿಗಿಂತ ದಪ್ಪ ದನಿಯ ಚೆಲ್ಲೊ, ಕೊಳಲುಗಳಿಗೆಲ್ಲ ಹಂಚಿ, ಯಾರು ಎಲ್ಲಿ ಏನು ನುಡಿಸಬೇಕೆಂದು ಬರೆದುಕೊಡುವವನು ನಾನು. ಮದುವೆ ಮನೆಯಲ್ಲಿ ಬಡಿಸುವವನ ಕೆಲಸ ಇದ್ದ ಹಾಗೆ. ಊಟ ರುಚಿಯಾಗಿದ್ದರೆ ಹೊಗಳಿಕೆ ಅಡುಗೆ ಭಟ್ಟರಿಗೆ. ಇಷ್ಟು ವರ್ಷ ಕೆಲಸ ಮಾಡಿದರೂ ಪರದೆಯ ಮೇಲೆ ನನ್ನ ಹೆಸರು ಬಂದಿರಲಿಲ್ಲ. ಮೇಲೂರಿನಲ್ಲಿರುವ ನಮ್ಮಕ್ಕ ನಾನು ಕೆಲಸ ಮಾಡಿದ ಪ್ರತಿ ಸಿನಿಮಾಕ್ಕೂ ಹೋಗಿ, ಜನವೆಲ್ಲ ಎದ್ದುಹೋದ ಮೇಲೂ ಕೊನೆಯ ಹೆಸರಿನವರೆಗೆ ಕಾದು ಕೂತು, "ಈ ಸಲಾನೂ ನಿನ್ ಹೆಸ್ರು ಬರ್ಲಿಲ್ವಲ್ಲೋ" ಎಂದು ಫೋನ್ ಮಾಡುತ್ತಿದ್ದಳು. ನನಗಿಂತ ಹೆಚ್ಚಾಗಿ ಅವಳಿಗೇ ಅವಮಾನವಾದಂತೆ ಇರುತ್ತಿತ್ತು ಆ ದನಿ. ಬಹಳ ಕಾಲದವರೆಗೆ ಅವಳು, ಚಿಂತಾಮಣಿಯಲ್ಲಿ ಗಣೇಶ ಕೂರಿಸಿದಾಗ ಬರುವ ಆರ್ಕೆಸ್ಟ್ರಾದಂಥದೇ ಏನನ್ನೋ ನಾನೂ ಇಟ್ಟುಕೊಂಡಿದ್ದೇನೆ ಎಂದು ನಂಬಿದ್ದಳು.

ಆ ವರ್ಷ ನನ್ನ ಗೆಳೆಯ ಗಿರೀಶನಿಗೆ ಅದೃಷ್ಟ ಖುಲಾಯಿಸಿತು. ಅವನು ಸಂಗೀತ ಕೊಟ್ಟ ಒಂದು ಪ್ರೇಮಕಥೆ ಚೆನ್ನಾಗಿ ಓಡಿ, ಅದರ ಎರಡನೇ ಭಾಗವೂ ಅವನಿಗೇ ಬಂತು. ಈ ಸಲ ನನ್ನ ಹೆಸರು ಒಂಟಿಯಾಗಿ, ದೊಡ್ಡದಾಗಿ ಬರುತ್ತದೆ ಎಂದು ಅವನು ಮಾತು ಕೊಟ್ಟ. ಮೊದಲ ಭಾಗದಲ್ಲಿ ಅಗಲಿದ ಪ್ರೇಮಿಗಳು ಎರಡನೆಯದರ ಕೊನೆಯಲ್ಲಿ ಮತ್ತೆ ಎದುರಾಗುತ್ತಾರೆ. ಮಾತೇ ಇಲ್ಲ. ಒಬ್ಬರನ್ನೊಬ್ಬರು ನೋಡಿ, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಏನು ಹೇಳುವುದಿದ್ದರೂ ಅದನ್ನು ಸಂಗೀತವೇ ಹೇಳಬೇಕು. ಗಿರೀಶ ಮಾಡಿಕೊಟ್ಟದ್ದನ್ನೆಲ್ಲ ನಿರ್ದೇಶಕರು ಬೇಡ ಬೇಡ ಎಂದರು. ಮುಂದಿನ ವಾರ ಸ್ಟುಡಿಯೋಗೆ ವಾದ್ಯಗಾರರು ಬರುವುದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಇದು ಆಗದಿದ್ದರೆ ಹಿನ್ನೆಲೆ ಸಂಗೀತ ಪೂರ್ತಿ ಬೇರೆಯವರ ಕೈಗೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಗಿರೀಶನಿಗೆ ಸಿನಿಮಾ ಹೋಗುತ್ತಿತ್ತು. ನನಗೆ, ನಮ್ಮಕ್ಕ ಕಾದು ಕೂತಿದ್ದ ಆ ಒಂದು ಸಾಲು.

ಬೆಂಗಳೂರಿನ ಗಲಾಟೆಯಲ್ಲಿ ಆಗದು, ಎಲ್ಲಾದರೂ ಸದ್ದಿಲ್ಲದ ಕಡೆ ಹೋಗೋಣ ಎಂದ ಗಿರೀಶ. ನಮ್ಮಕ್ಕನ ಮನೆಗೆ ಹೋಗೋಣ ಎಂದೆ ನಾನು. ರೇಷ್ಮೆಯ ಊರಿನಲ್ಲಿ ಹುಟ್ಟಿದವನು ಮಾಡಬಾರದ ತಪ್ಪು ಅದು. ಹಿಂದಿನ ವಾರವೇ ಅಕ್ಕ ಫೋನಿನಲ್ಲಿ, ಮನೆಯಲ್ಲಿ ಸಾಕಿದ ರೇಷ್ಮೆಹುಳ ನಾಲ್ಕನೇ ಜ್ವರದಿಂದ ಎದ್ದಿದೆ ಎಂದಿದ್ದಳು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದರೆ ವಾರದೊಳಗೆ ಹುಳ ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತದೆ. ಆ ದಿನ ಮನೆಗೆ ಬಂದವನು ನೆಂಟನಾದರೂ ಸರಿ, ಮಂತ್ರಿಯಾದರೂ ಸರಿ, ಬಗ್ಗಿ ಹುಳ ಆರಿಸಲೇಬೇಕು. ಲೆಕ್ಕ ಹಾಕುವುದನ್ನು ನಾನು ಮರೆತಿದ್ದೆ. ನಾವು ಸರಿಯಾಗಿ ಆ ದಿನವೇ ಹೋಗಿ ಇಳಿದೆವು.

ಗಿರೀಶ ಘಮಘಮ ಸೆಂಟು ಹಾಕಿಕೊಂಡು ಬಂದಿದ್ದ. ಹುಳದ ಮನೆಗೆ ಸೆಂಟಿನ ವಾಸನೆ ಆಗದು. ಅಕ್ಕ ಅವನನ್ನು ಹೊಸ್ತಿಲಲ್ಲೇ ತಡೆದು, ನೇರ ಬಚ್ಚಲಿಗೆ ಅಟ್ಟಿ, ಭಾವನ ಪಂಚೆ ಕೊಟ್ಟು ಒಳಗೆ ಬಿಟ್ಟಳು. ತಟ್ಟೆಗಳಲ್ಲಿ ಇನ್ನೂ ಹಣ್ಣಾಗದ ಹುಳಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ಹಣ್ಣಾದವು ಜೇನುತುಪ್ಪದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುತ್ತಿದ್ದವು. ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಗಿರೀಶ ಒಂದು ಹುಳವನ್ನು ಕೆಂಡ ಹಿಡಿದವನಂತೆ ಹಿಡಿದದ್ದನ್ನು ಕಂಡು ಪಕ್ಕದ ಮನೆಯ ನಾರಾಯಣಮ್ಮ, "ಮೆಲ್ಲಗಾ ಪಟ್ಟುಕೋ ನಾಯನಾ" ಎಂದು, ಮೆಲ್ಲಗೆ ಹಿಡಿಯುವುದು ಹೇಗೆಂದು ಅವನ ಕೈ ತಿದ್ದಿ ತೋರಿಸಿದಳು. ಮಧ್ಯಾಹ್ನವೆಲ್ಲ, ಹುಳ ಆರಿಸಲು ಬಂದಿದ್ದ ಅಕ್ಕಪಕ್ಕದ ಹೆಂಗಸರು ಅವನನ್ನು ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕಿಚಾಯಿಸಿದರು. ಸಿನಿಮಾದ ಚಿಂತೆ ಮರೆತು ಅವನು ಬಾಯ್ತುಂಬ ನಗುತ್ತಿದ್ದ. ಎಷ್ಟೋ ದಿನಗಳ ಮೇಲೆ ಅವನ ಮುಖ ಹಾಗೆ ಅರಳಿದ್ದನ್ನು ನೋಡಿದೆ.

ಇನ್ನೂ ಬಿಸಿಲಿರುವಾಗಲೇ ಕೆಲಸ ಮುಗಿಯಿತು. ಚಂದ್ರಿಕೆಗಳನ್ನು ಹಿತ್ತಲಿನ ಚಪ್ಪರದ ನೆರಳಿಗೆ ಒರಗಿಸಿ, ಕಾಫಿ ಕುಡಿದು ಎಲ್ಲರೂ ಮನೆಗೆ ಹೋದರು. ಗಿರೀಶ ಗಾಳಿಗೆಂದು ಮಹಡಿ ಹತ್ತಿದ. ಅಕ್ಕ ಅಡುಗೆಮನೆಯಲ್ಲಿದ್ದಳು. ನಾನು ಚಪ್ಪರದ ಪಕ್ಕದ ಕಲ್ಲಿನ ಮೇಲೆ ಕೂತೆ. ಬೆಳಗಿನಿಂದ ಕಿವಿ ತುಂಬಿದ್ದ ಹುಳ ಮೇಯುವ ಸದ್ದು ನಿಂತುಹೋಗಿತ್ತು.

ಆಗ ಕೇಳಿಸಿತು. ಗೋಡೆಯ ಆಚೆ ಯಾರೋ ನುಡಿಸುತ್ತಿರುವಂತೆ, ಚೆಲ್ಲೊಗಳ ತಗ್ಗಿದ ಸ್ವರ. ನಿಧಾನವಾಗಿ ಏರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಯಾರದೋ ಮನೆಯ ಟೀವಿ ಇರಬೇಕು ಎಂದುಕೊಂಡೇ, ಕೈಗೆ ಸಿಕ್ಕ ಹಳೆಯ ಪತ್ರಿಕೆಯ ಅಂಚಿನಲ್ಲಿ ಅದನ್ನು ಗೀಚಿಕೊಳ್ಳತೊಡಗಿದೆ. ಕೇಳಿದ್ದನ್ನು ಬರೆದುಕೊಳ್ಳುವುದು ನನ್ನ ಚಾಳಿ. ಭಯವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಸುಖ ನನಗೆ ಯಾವ ಸ್ಟುಡಿಯೋದಲ್ಲೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅಕ್ಕ ಸೌಟು ಹಿಡಿದೇ ಹಿತ್ತಲಿಗೆ ಬಂದಳು.

"ಯಾರಪ್ಪ ಅದು ರೇಡಿಯೋ ಹಾಕಿರೋದು? ಹುಳ ಗೂಡು ಕಟ್ಟೋ ಹೊತ್ತು, ಸ್ವಲ್ಪ ನಿಲ್ಸಿ" ಎಂದಳು.

ಅವಳು ಬಾಯಿ ಬಿಟ್ಟ ಕೂಡಲೇ ನನಗೆ ಕೇಳುತ್ತಿದ್ದದ್ದು ನಿಂತುಹೋಯಿತು. ನಾನು ಹಾಕಿಲ್ಲ ಎಂದೆ. ಅವಳು ಗೊಣಗುತ್ತಾ ಒಳಗೆ ಹೋದಳು. ಮರುಗಳಿಗೆಯಲ್ಲಿ ಗಿರೀಶ ಮೆಟ್ಟಿಲು ಇಳಿದು ಬಂದ. ಕೈಯಲ್ಲಿ ಫೋನಿತ್ತು. ಮಹಡಿಯ ಮೇಲೆ ತನಗೊಂದು ಮಟ್ಟು ಹೊಳೆಯಿತೆಂದೂ, ಹೊಳೆಯಿತೆನ್ನುವುದಕ್ಕಿಂತ ಕಿವಿಗೇ ಬಿತ್ತೆಂದೂ, ಅಕ್ಕ ಕೂಗಿದಾಗ ತಪ್ಪಿಹೋಯಿತೆಂದೂ ಹೇಳಿದ. ಅದನ್ನು ಗುನುಗಿ ಫೋನಿನಲ್ಲಿ ಹಿಡಿದಿಟ್ಟಿದ್ದ. ಅವನು ಕೇಳಿದ್ದು ಪಿಟೀಲು ಮಾತ್ರ.

ಅವನು ಫೋನ್ ಹಾಕಿದ, ನಾನು ಪತ್ರಿಕೆ ಬಿಡಿಸಿದೆ. ಅವನ ಪಿಟೀಲಿಗೂ ನನ್ನ ಚೆಲ್ಲೊಗಳಿಗೂ ಎಲ್ಲಿಯೂ ತಕರಾರಿಲ್ಲ. ಅವನು ಉಸಿರು ತೆಗೆದುಕೊಂಡ ಕಡೆ ನನ್ನ ಸ್ವರ ಏರಿತ್ತು, ನಾನು ನಿಲ್ಲಿಸಿದ ಕಡೆ ಅವನದು ಮುಂದುವರಿದಿತ್ತು. ಎರಡೂ ಒಂದೇ ಕಡೆ ತುಂಡಾಗಿದ್ದವು. ಫೋನಿನಲ್ಲಿ ಅವನ ಗುನುಗು, ಒಂದು ಕಾಗೆ, ದೂರದ ಪಂಪ್‌ಸೆಟ್ಟು, ಕೊನೆಗೆ ಅಕ್ಕನ ಕೂಗು ಬಿಟ್ಟರೆ ಬೇರೆ ಯಾವ ಸದ್ದೂ ಇರಲಿಲ್ಲ. ನಾನು ಸುತ್ತಲಿನ ಮನೆಗಳಿಗೆಲ್ಲ ಹೋಗಿ ವಿಚಾರಿಸಿ ಬಂದೆ. ಆ ಹೊತ್ತಿನಲ್ಲಿ ಕರೆಂಟೇ ಇರಲಿಲ್ಲವಂತೆ. ಹಾಗಾದರೆ ಪಂಪ್‌ಸೆಟ್ಟು ಹೇಗೆ ಓಡಿತು ಎಂದು ಕೇಳಿದೆ. ಅದು ಡೀಸೆಲ್ಲಿನದು ಎಂದರು. ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಸ್ಟುಡಿಯೋದಲ್ಲಿ ಅದನ್ನೇ ನುಡಿಸಿದರು. ನಿರ್ದೇಶಕರು ಇನ್ನೊಮ್ಮೆ ನುಡಿಸಲು ಹೇಳಿ ಕೇಳಿದರು. ಆಮೇಲೆ, ಸಂಗೀತ ನಡುವೆಯೇ ನಿಂತುಬಿಡುವುದು ಎಷ್ಟು ಚೆನ್ನಾಗಿದೆ, ಅದನ್ನು ಮುಟ್ಟಲೇಬೇಡಿ ಎಂದರು. ನಾವಿಬ್ಬರೂ ಬಹಳ ಯೋಚನೆ ಮಾಡಿದವರಂತೆ ತಲೆಯಾಡಿಸಿದೆವು.

ಸಿನಿಮಾ ಬಿಡುಗಡೆಯಾದಾಗ ಅಕ್ಕನನ್ನು ಚಿಂತಾಮಣಿಗೆ ಕರೆದುಕೊಂಡು ಹೋದೆ. ಕೊನೆಯ ದೃಶ್ಯದಲ್ಲಿ ಆ ಚೆಲ್ಲೊ ಶುರುವಾಗುತ್ತಲೇ ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಪ್ರೇಮಿಗಳು ತಮ್ಮ ದಾರಿ ಹಿಡಿದರು, ಸಂಗೀತ ನಿಂತಿತು, ನನ್ನ ಹೆಸರು ಬಂತು. ಒಂಟಿಯಾಗಿ, ದೊಡ್ಡದಾಗಿ. ಅವಳು ಅದನ್ನು ನೋಡಿ ಅಳುತ್ತಾಳೆಂದು ನಾನು ಕರವಸ್ತ್ರ ತೆಗೆದಿದ್ದೆ. ಅವಳು ನನ್ನ ಕಡೆ ತಿರುಗಿದಳು.

"ಇದು ಆವತ್ತು ರೇಡಿಯೋದಲ್ಲಿ ಬಂದಿದ್ದು ಅಲ್ವೇನೋ? ಇಷ್ಟಕ್ಕೇ ಯಾಕೆ ನಿಲ್ಸಿದ್ರಿ? ಇನ್ನೂ ಇತ್ತಲ್ಲ."

ಒಳಗೆ ಹೋದ ಮೇಲೂ ಅವಳಿಗೆ ಅದು ಕೇಳುತ್ತಲೇ ಇತ್ತಂತೆ. ಪಿಟೀಲು, ಆ ದಪ್ಪ ದನಿಯದು, ಎಲ್ಲವೂ ಒಟ್ಟಿಗೆ. ಸಾರು ತಿರುವುತ್ತಾ ಮುಗಿಯುವವರೆಗೂ ಕೇಳಿದಳಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲವಲ್ಲ ಎಂದಳು. ಹಾಡಿ ತೋರಿಸು ಎಂದು ಅಲ್ಲಿಯೇ ಗೋಗರೆದೆ.

"ನಂಗೆ ಎಲ್ಲಿ ಹಾಡಕ್ಕೆ ಬರುತ್ತೋ? ಆದ್ರೆ ಹಿಂಗೆ ಅಳಿಸ್ಲಿಲ್ಲಪ್ಪ ಅದು. ಕೊನೇಲಿ ಇಬ್ರೂ ಒಂದಾದಂಗೆ ಇತ್ತು. ಕೇಳ್ತಾ ಕೇಳ್ತಾ ನಗು ಬಂತು ನಂಗೆ."

ಅದು ಏನು, ಎಲ್ಲಿಂದ ಬಂತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬಿಳಿ ಸೀರೆಯ ಗೆಳೆಯನಿಗೆ ಇದನ್ನು ಹೇಳಿದೆ. ಚೆಲ್ಲೊ ಯಾವ ಬಣ್ಣದ್ದಿತ್ತು ಎಂದು ಕೇಳಿ ಅವನು ಸೇಡು ತೀರಿಸಿಕೊಂಡ. ಈಗ ಸಿನಿಮಾದ ಮೂರನೇ ಭಾಗದ ಮಾತು ನಡೆದಿದೆ. ಗಿರೀಶ ಫೋನ್ ಮಾಡಿದರೆ ಮೊದಲು ವಿಚಾರಿಸುವುದು, ಅಕ್ಕನ ಮನೆಯ ಹುಳ ಎಷ್ಟನೇ ಜ್ವರದಲ್ಲಿದೆ ಎಂದು. ಉಳಿದದ್ದೂ ಕೇಳೀತೆಂದು ಆಗಲೇ ಹುಳದ ಎರಡು ಬೆಳೆಗೆ ಹೋಗಿ ಬಂದೆವು. ಅವನು ಸೆಂಟು ಹಾಕದೆ ಬರುತ್ತಾನೆ, ಹುಳವನ್ನು ಮೆಲ್ಲಗೆ ಹಿಡಿಯುತ್ತಾನೆ. ಕೆಲಸ ಮುಗಿದ ಮೇಲೆ ಅವನು ಮಹಡಿಯಲ್ಲಿ, ನಾನು ಕಲ್ಲಿನ ಮೇಲೆ. ಕಾಗೆ ಕೂಗುತ್ತದೆ, ಪಂಪ್‌ಸೆಟ್ಟು ಓಡುತ್ತದೆ, ಬೇರೇನೂ ಕೇಳುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿರುತ್ತಾಳೆ. ಈ ಸಲ ಏನೇ ಕೇಳಿಸಿದರೂ ತಾನು ಮಾತಾಡುವುದಿಲ್ಲ ಎಂದು ಅವಳು ನಮಗೆ ಮಾತು ಕೊಟ್ಟಿದ್ದಾಳೆ.