ನನ್ನ ನೂರಾ ಹನ್ನೊಂದು ಸೇತುವೆಗಳು

ಬಸ್ಸು ಸೇತುವೆ ಹತ್ತಿದ ಕೂಡಲೇ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ. ಸೇತುವೆಯೇ ಕುಸಿದರೆ ಕಂಬಿ ಏನು ಮಾಡೀತು ಎಂದು ಹೆಂಡತಿ ಕೇಳಿದ್ದುಂಟು. ಕಂಬಿಯನ್ನು ಮಾತ್ರ ನಾನು ಬಿಟ್ಟಿಲ್ಲ.

ಇಂಥವನ ಬೀರುವಿನಲ್ಲಿ ನೂರಾ ಹನ್ನೊಂದು ಸೇತುವೆಗಳಿವೆ ಎಂದರೆ ನೀವು ನಗಬಹುದು. ಎಲ್ಲವೂ ಚಿತ್ರದ ಅಂಚೆ ಕಾರ್ಡುಗಳು. ಕಲ್ಲಿನವು, ಕಬ್ಬಿಣದವು, ಹಗ್ಗದವು. ಕಾರ್ಡಿನ ಸೇತುವೆ ಕುಸಿಯುವುದಿಲ್ಲ; ಹುಳು ಹಿಡಿಯಬಹುದು, ಅದಕ್ಕೆ ಬೇವಿನೆಲೆ ಇಟ್ಟಿದ್ದೇನೆ. ಇನ್ನೊಂದು ವಿಚಿತ್ರ ನೋಡಿ: ಹಳೇ ಫೋಟೋಗ್ರಾಫರುಗಳು ಜನರೆಲ್ಲ ದಾಟಿ ಹೋಗುವವರೆಗೆ ಕಾದು ಚಿತ್ರ ತೆಗೆಯುತ್ತಿದ್ದರೋ ಏನೋ, ನನ್ನ ಒಂದು ಸೇತುವೆಯ ಮೇಲೂ ನರಪಿಳ್ಳೆಯಿಲ್ಲ. ನನಗದು ಒಳ್ಳೆಯದೇ ಅನ್ನಿಸುತ್ತಿತ್ತು. ಯಾರೂ ಇಲ್ಲವೆಂದರೆ ಯಾರೂ ಬೀಳುವುದೂ ಇಲ್ಲವಲ್ಲ.

ಈ ಹುಚ್ಚಿನಲ್ಲಿ ನನಗೆ ಜೊತೆ ಹರಿಹರದ ರಹಮತ್ ಸಾಹೇಬರು. ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ ಅವರದು. ಹನ್ನೆರಡು ವರ್ಷದ ಕೆಳಗೆ, ಹಳೇ ಫ್ರೇಮೊಂದರ ಹಿಂದೆ ರಟ್ಟಿನ ಬದಲು ಯಾರೋ ತುರುಕಿದ್ದ ಕಾರ್ಡನ್ನು ಹೊರತೆಗೆದು ನನ್ನ ಕೈಗಿತ್ತರು. ಹರಿಹರದ ಹಳೇ ಸೇತುವೆ, ಕಪ್ಪು ಬಿಳುಪು, ಹಿಂಬದಿ ಖಾಲಿ. ಸ್ನೇಹ ಶುರುವಾದದ್ದು ಅಲ್ಲಿಂದ. ತಿಂಗಳಿಗೊಂದು ಕಾರ್ಡು ಅವರಿಂದ, ಒಂದು ನನ್ನಿಂದ. ಲಕೋಟೆಯಿಲ್ಲದೆ, ಟಿಕೆಟ್ ಅಂಟಿಸಿ, ಟಪಾಲಿನಲ್ಲೇ ಕಳಿಸಬೇಕು. ಸರಸ್ವತಿ ನಗರದ ನಮ್ಮ ಮನೆಯಿಂದ ಅವರ ಅಂಗಡಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕಾರ್ಡಿಗೆ ಮೂರು ದಿನ ಬೇಕು.

ಈಚೆಗೆ ಅವರ ಕಾರ್ಡಿನ ಹಿಂದೆ ಒಂದೇ ಸಾಲಿತ್ತು: ‘ನಮ್ಮೂರ ಸೇತುವೆ ಒಮ್ಮೆ ನಮ್ಮೂರಿಗೂ ಬರ್ಲಿ.’ ಆ ಮೊದಲ ಕಾರ್ಡನ್ನೇ ಕೇಳಿದ್ದರು. ಕೊಟ್ಟವರೇ ಅವರು, ನಿಜ. ಆದರೆ ಕಳೆದುಹೋದರೆ? ಜಾಣತನ ಮಾಡಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ನೀಲಿ ಗೆರೆ ಎರಡು ಬಿದ್ದವು, ಉತ್ತರ ಬರಲಿಲ್ಲ. ಆ ತಿಂಗಳು ಅವರ ಕಾರ್ಡೂ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ನಾನು ಅವರಿಗೆ ಮನಸ್ಸಿನಲ್ಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲ ಬರಿಸಿ, ಕೊನೆಗೆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಫೈಲಿನಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ಹರಿಹರಕ್ಕೆ ಹೋದೆ. ತೋರಿಸಿ ವಾಪಸು ತರುವ ಲೆಕ್ಕ.

ಸಾಹೇಬರು ಗಟ್ಟಿಮುಟ್ಟಾಗಿ ಕೂತು ಮೊಳೆ ಹೊಡೆಯುತ್ತಿದ್ದರು. ಚಹಾ ತರಿಸಿದರು. ಪ್ಲಾಸ್ಟಿಕ್ಕಿನ ಕಡೆ ಕೈ ಮಾತ್ರ ಚಾಚಲಿಲ್ಲ.

“ಆಸ್ಪತ್ರಿಗೆ ಪೇಷಂಟ್ ತಂದಂಗೆ ತಂದೀರಲ್ರಿ ಶಿವಣ್ಣಾರೆ. ಕಾರ್ಡಾಗಿ ಹುಟ್ಟಿ ಒಂದು ಸಲನೂ ಟಪಾಲ್ ಡಬ್ಬಿ ಕಂಡಿಲ್ಲ ಪಾಪ. ಹಂಗೇ ತಗಂಡ್ ಹೋಗ್ರಿ, ನಂಗೇನ್ ಬ್ಯಾಡ. ಚಾ ಆರ್ತೈತಿ, ಕುಡೀರಿ.”

ಬೈದಿದ್ದರೆ ಸಹಿಸಬಹುದಿತ್ತು.

ಮಾರನೆಯ ದಿನ ಅವರ ವಿಳಾಸವನ್ನು ಪೆನ್ಸಿಲ್ಲಿನಲ್ಲಿ ಬರೆದೆ, ಮನಸ್ಸು ಬದಲಾದರೆ ಅಳಿಸಬಹುದೆಂದು. ಮಳೆಗೆ ಅಳಿಸಿಹೋದರೆ ಎಂದು ಅದರ ಮೇಲೆ ಪೆನ್ನಿನಲ್ಲಿ ತಿದ್ದಿದೆ. ವಿದ್ಯಾನಗರದ ಟಪಾಲ್ ಡಬ್ಬಿಯ ಬಾಯೊಳಗೆ ಕೈಯಿಟ್ಟು, ಕಾರ್ಡು ಬಿಡದೆ ನಿಂತೆ. ಎಷ್ಟು ಹೊತ್ತೋ. ಹಾಸ್ಟೆಲಿನ ಹುಡುಗಿಯೊಬ್ಬಳು ಹತ್ತಿರ ಬಂದು, “ಅಂಕಲ್, ಕೈ ಸಿಕ್ಕಂಡೈತೇನ್ರಿ?” ಎಂದಳು. ನಾಚಿಕೆಗೆ ಬೆರಳು ಸಡಿಲವಾದವು.

ಕಾರ್ಡು ತಲುಪಿತೇ ಎಂದು ದಿನಾ ಪೀಡಿಸಿದ್ದಕ್ಕೆ, ಮೂರನೇ ದಿನದಿಂದ ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ಸೈಕಲ್ಲಿನ ದಾರಿ ಬದಲಿಸತೊಡಗಿದ. ಒಂಬತ್ತನೇ ದಿನ ತಾನಾಗಿಯೇ ಬಂದು ಕಾರ್ಡು ಕೊಟ್ಟ. ಅದೇ ಕಾರ್ಡು! ನಾನು ತಿದ್ದಿ ಬರೆದ ವಿಳಾಸಕ್ಕೆ ಸಾಹೇಬರು ಗೆರೆ ಎಳೆದು, ಪಕ್ಕದಲ್ಲಿ ನನ್ನ ವಿಳಾಸ ಬರೆದು, ಹೊಸ ಟಿಕೆಟ್ ಅಂಟಿಸಿದ್ದರು. ಒಂದು ಮೂಲೆ ಮಡಚಿಕೊಂಡಿತ್ತು. ಕೆಳಗೆ: ‘ನೋಡಿದೆ. ಸೇತುವೆ ಗಟ್ಟಿ ಐತೆ. ಮುಂದಿನ ತಿಂಗ್ಳು ಬ್ಯಾರೇದು ಕಳಿಸ್ರಿ.’

ತಿರುಗಿಸಿ ನೋಡಿದೆ. ಸೇತುವೆಯ ನಟ್ಟನಡುವೆ, ಯಾವ ಮುದ್ರೆಯ ಮಸಿಯೋ, ಎಳ್ಳಿನಷ್ಟು ಚುಕ್ಕೆ ನೆಟ್ಟಗೆ ಅಂಟಿತ್ತು. ಥೇಟು ಮನುಷ್ಯನ ಹಾಗೆ. ರಬ್ಬರಿನಲ್ಲಿ ಉಜ್ಜಿದರೆ ಹೋದೀತು ಎಂದಳು ಹೆಂಡತಿ. ನಾನು ಉಜ್ಜಲಿಲ್ಲ.

ಈಗ ನನ್ನ ನೂರಾ ಹನ್ನೊಂದರಲ್ಲಿ ಇದೊಂದರ ಮೇಲೆ ಯಾರೋ ನಡೆದು ಹೋಗುತ್ತಿದ್ದಾನೆ. ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದ್ದೇನೆ. ಆಸಾಮಿ ಕಂಬಿ ಹಿಡಿದುಕೊಂಡಿಲ್ಲ.