ಮುಷ್ಟಿಯೊಳಗಿನ ನಿಂಬೆಹಣ್ಣು

ವ್ಯಾಯಾಮ ಮಾಡಿದರೆ ಮೈ ಹಗುರಾಗುತ್ತದೆ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ನನಗೂ ಹಗುರಾಗುವ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದರೆ ಅವು ಹೊಟ್ಟೆಯಿಂದ ಹೊರಟು ಗಂಟಲಿನವರೆಗೆ ಬಂದು, ಹೊರಗೆ ಹೋಗಲೋ ಒಳಗೇ ಇರಲೋ ಎಂದು ಅಲ್ಲೇ ನಿಂತು ಯೋಚಿಸುತ್ತವೆ. ನಮ್ಮ ಹೊಸಮನೆ ಬಡಾವಣೆಯ ಪಾರ್ಕಿನಲ್ಲಿ ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಈ ಯೋಚನೆ ಶುರುವಾಗುತ್ತಿತ್ತು. ಮೊಣಕಾಲಿನಲ್ಲಿ ಚುಚ್ಚು, ಪಕ್ಕೆಯಲ್ಲಿ ಹಿಡಿತ, ಹಣೆಯ ಮೇಲೆ ತಣ್ಣನೆಯ ಬೆವರು. ಯಾರಾದರೂ ನೋಡಿಯಾರು ಎಂದು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ನಿಲ್ಲುತ್ತಿದ್ದೆ. ಒಂದು ಪಟ್ಟಿಯನ್ನು ಇಷ್ಟು ಸಲ ಸರಿಮಾಡಿದವರು ಚಪ್ಪಲಿ ಹೊಲಿಯುವವರಲ್ಲೂ ಇರಲಾರರು.

ಈ ಸಾಹಸಕ್ಕೆ ನಾನು ಆಸೆಪಟ್ಟು ಇಳಿದವಳಲ್ಲ. ಸಕ್ಕರೆ ಏರಿತ್ತು. ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ರಿಪೋರ್ಟು ನೋಡಿ, "ಮಾತ್ರೆ ಸಾಲ್ತಿಲ್ಲ ಆಂಟಿ. ದಿನಾ ಚೆನ್ನಾಗಿ ನಡೀರಿ, ಮೂರು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡೋಣ. ಮನೇಲೇ ತಗೋಬಹುದು, ಸುಲಭ" ಎಂದಳು. ಆಮೇಲೆ ಪೆನ್ನು ಎತ್ತಿ, "ಮನೇಲಿ ಯಾರ್ಯಾರಿದೀರ?" ಎಂದು ಕೇಳಿದಳು.

"ನಾನು" ಎಂದೆ.

ಅವಳು ಇನ್ನೂ ಹೆಸರುಗಳು ಬರುತ್ತವೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. "ಪರವಾಗಿಲ್ಲ, ನೀವೇ ಚುಚ್ಕೊಳ್ಳೋದು ಕಲಿಸ್ಕೊಡ್ತೀವಿ" ಎಂದಳು.

ಸೂಜಿ ಕಂಡರೆ ಮುಖವನ್ನು ಆಚೆ ಕಡೆ ತಿರುಗಿಸಿಕೊಳ್ಳುವುದು ನನ್ನ ಹುಟ್ಟುಗುಣ. ಮದುವೆಯಾದ ಮೇಲೆ ಆ ಆಚೆ ಕಡೆಯಲ್ಲಿ ನಮ್ಮ ಯಜಮಾನರು ನಿಂತಿರುತ್ತಿದ್ದರು. ಅವರ ಅಂಗಿಯ ಗುಂಡಿಯೊಂದನ್ನು ಆರಿಸಿಕೊಂಡು ಅದನ್ನೇ ನೋಡುತ್ತಿದ್ದೆ. ಅವರು ಹೋಗಿ ನಾಲ್ಕು ವರ್ಷವಾಯಿತು. ನಾನೇ ನನಗೆ ಚುಚ್ಚಿಕೊಳ್ಳುವಾಗ ಯಾವ ಕಡೆಗೆ ತಿರುಗಲಿ? ಇದು ಡಾಕ್ಟರನ್ನು ಕೇಳುವಂಥ ಪ್ರಶ್ನೆಯಲ್ಲ. ಮಾರನೆಯ ಬೆಳಿಗ್ಗೆಯೇ ಕಾಫಿ ಕುಡಿದು, ಮಾತ್ರೆ ನುಂಗಿ, ಪಾರ್ಕಿಗೆ ಹೊರಟೆ.

ನೋವಿನ ವಿಷಯದಲ್ಲಿ ನನಗೆ ಒಳ್ಳೆಯ ಶಿಕ್ಷಣವೇ ಆಗಿದೆ. ಭದ್ರಾವತಿಯ ಕಾನ್ವೆಂಟಿನಲ್ಲಿ ನಮಗೆ ಡ್ರಿಲ್ ಮಾಡಿಸುತ್ತಿದ್ದ ಸಿಸ್ಟರ್, ಕಾಲು ನೋಯುತ್ತದೆ ಎಂದವರಿಗೆ, "ಅದನ್ನು ಯೇಸುವಿಗೆ ಅರ್ಪಿಸು, ಮಗು" ಎನ್ನುತ್ತಿದ್ದರು. ಮನೆಗೆ ಬಂದು ಅಜ್ಜಿಯ ಮುಂದೆ ಕಾಲು ಚಾಚಿದರೆ, ಅವಳು ವಿಭೂತಿ ಹಚ್ಚಿ, "ಶಿವನಿಗೆ ಬಿಡು, ಅವನು ನೋಡ್ಕೊಳ್ತಾನೆ" ಎನ್ನುತ್ತಿದ್ದಳು. ಒಂದೇ ನೋವನ್ನು ಇಬ್ಬರಿಗೆ ಕೊಡುವುದು ಮರ್ಯಾದೆಯಲ್ಲವೆಂದು ನಾನು ಬಲಗಾಲಿನದನ್ನು ಯೇಸುವಿಗೂ ಎಡಗಾಲಿನದನ್ನು ಶಿವನಿಗೂ ಹಂಚಿಬಿಟ್ಟಿದ್ದೆ. ಆ ಏರ್ಪಾಡು ಇವತ್ತಿಗೂ ನಡೆದುಬಂದಿದೆ. ಆದರೆ ವಾಕರಿಕೆಯನ್ನು ಯಾವ ದೇವರಿಗೆ ಅರ್ಪಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅರ್ಪಿಸುವಂಥ ವಸ್ತುವೂ ಅಲ್ಲ.

ನೋವಿಗೆ ಒಂದು ವಿಳಾಸವಿರುತ್ತದೆ. ಇಲ್ಲಿ ಎಂದು ಬೆರಳಿಟ್ಟು ತೋರಿಸಬಹುದು, ಪಟ್ಟಿ ಕಟ್ಟಬಹುದು. ಕುಂಟಿಕೊಂಡು ಹೋದರೆ ಎದುರಿಗೆ ಸಿಕ್ಕವರು, "ಏನ್ರೀ ಕಾಲಿಗೆ?" ಎಂದು ನಿಲ್ಲುತ್ತಾರೆ, ತಮ್ಮ ಕಾಲಿನ ಕಥೆಯನ್ನೂ ಹೇಳಿ ಹೋಗುತ್ತಾರೆ. ವಾಕರಿಕೆಗೆ ಈ ಭಾಗ್ಯವಿಲ್ಲ. ಅದು ಬಂದವರಿಂದ ಜನ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಶಿವ ಹಾಲಾಹಲ ಕುಡಿದ ಕಥೆಯನ್ನು ಅಜ್ಜಿ ಪ್ರತಿ ಶಿವರಾತ್ರಿಗೂ ಹೇಳುತ್ತಿದ್ದಳು. ನುಂಗಿದರೆ ಒಳಗಿನ ಲೋಕಕ್ಕೆ ಕೇಡು, ಉಗುಳಿದರೆ ಹೊರಗಿನ ಲೋಕಕ್ಕೆ ಕೇಡು, ಗಂಟಲಲ್ಲೇ ಇಟ್ಟುಕೊಂಡ. ಎರಡನೆಯ ಸುತ್ತಿನ ಕೊನೆಯಲ್ಲಿ ನನ್ನದೂ ಅದೇ ಸ್ಥಿತಿ. ಎಲ್ಲರೂ ಅವನ ಧೈರ್ಯವನ್ನು ಹೊಗಳುತ್ತಾರೆ. ನನಗೆ ಪಾರ್ಕಿನ ಬೆಂಚಿನ ಮೇಲೆ ಕೂತು ನೆನಪಾದದ್ದು ಕಥೆಯ ಇನ್ನೊಂದು ತುಣುಕು: ವಿಷ ಇಳಿಯದಂತೆ ಪಾರ್ವತಿ ಪಕ್ಕದಲ್ಲಿ ಕೂತು ಅವನ ಗಂಟಲನ್ನು ಹಿಡಿದಿದ್ದಳಂತೆ. ಅವನಿಗೇ ಒಂದು ಕೈ ಬೇಕಾಯಿತು.

ಮಗಳಿಗೆ ಹೇಳಬಹುದಿತ್ತು. ಅವಳಿರುವುದು ಭದ್ರಾವತಿಯ ನ್ಯೂಟೌನಿನಲ್ಲಿ, ಬಸ್ಸು ಸಿಕ್ಕರೆ ಹೆಚ್ಚು ಹೊತ್ತಿನ ದಾರಿಯಲ್ಲ. ದೂರದಲ್ಲಿರುವ ಮಕ್ಕಳು ದಿನ ಗೊತ್ತುಮಾಡಿಕೊಂಡು ಬರುತ್ತಾರೆ. ಹತ್ತಿರದಲ್ಲಿರುವವರು ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದುಕೊಂಡೇ ಇರುತ್ತಾರೆ. ಅವಳನ್ನು ದೂರುತ್ತಿಲ್ಲ. ಶಾಲೆಯ ಕೆಲಸ, ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಅಷ್ಟರ ನಡುವೆಯೂ ದಿನಾ ಫೋನು ಮಾಡುತ್ತಾಳೆ.

"ಅಮ್ಮಾ, ವಾಕ್ ಆಯ್ತಾ?"

"ಆಯ್ತು ಪುಟ್ಟಾ."

"ಹೆಂಗಿತ್ತು?"

"ಚೆನ್ನಾಗಿತ್ತು. ಹೊಂಗೆಮರ ಹೂ ಬಿಟ್ಟಿದೆ."

ವಾಂತಿ ಎಂಬ ಶಬ್ದ ಕೇಳಿದರೆ ಅವಳು ಎಲ್ಲ ಬಿಟ್ಟು ಓಡಿಬರುವವಳು. ಆದ್ದರಿಂದ ದಿನಾ ಹೊಂಗೆಯ ಹೂವನ್ನೇ ವರದಿ ಮಾಡುತ್ತಿದ್ದೆ.

ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಚಿಕ್ಕಂದಿನಲ್ಲಿ ಭದ್ರಾವತಿಯಿಂದ ಘಟ್ಟದ ಕೆಳಗಿನ ಸೋದರತ್ತೆಯ ಮನೆಗೆ ಹೋಗುವಾಗ, ಬಸ್ಸಿನ ಮೊದಲ ತಿರುವಿಗೇ ನನ್ನ ಮುಖ ಹಸಿರಾಗುತ್ತಿತ್ತು. ಅಮ್ಮ ಹಳೆಯ ಪೇಪರನ್ನು ಮಡಿಸಿ ನನ್ನ ಹೊಟ್ಟೆಗೆ ಕಟ್ಟುತ್ತಿದ್ದಳು. ಮುಷ್ಟಿಯೊಳಗೆ ಒಂದು ನಿಂಬೆಹಣ್ಣು ಇಟ್ಟು, "ಉಗುರಲ್ಲಿ ಒತ್ತಿ ಒತ್ತಿ ಮೂಸ್ತಾ ಇರು" ಎನ್ನುತ್ತಿದ್ದಳು. ಪೇಪರಿನಿಂದ ಏನು ಉಪಯೋಗವಾಗುತ್ತಿತ್ತೋ ಗೊತ್ತಿಲ್ಲ. ಅಷ್ಟಾಗಿಯೂ ತಡೆಯದೆ ಕಿಟಕಿಗೆ ಬಗ್ಗಿದಾಗ, ಅಮ್ಮನ ಅಂಗೈ ಬಂದು ನನ್ನ ಹಣೆಯನ್ನು ಹಿಡಿಯುತ್ತಿತ್ತು. ಆ ಕೈಯಲ್ಲಿ ನಿಂಬೆಯ ವಾಸನೆ, ಬಳೆಯ ತಂಪು. ವಾಂತಿ ಮಾಡಿಕೊಳ್ಳುವವರ ಹಣೆ ಹಿಡಿಯಬೇಕು ಎಂದು ಯಾವ ವೈದ್ಯರು ಹೇಳಿದ್ದೋ, ನಮ್ಮ ಕಡೆಯ ತಾಯಂದಿರೆಲ್ಲ ಹಿಡಿಯುತ್ತಾರೆ.

ಹಣೆ ಹಿಡಿಯುವ ಕೈಯನ್ನು ತರುವುದು ಎಲ್ಲಿಂದ? ನಿಂಬೆಹಣ್ಣಾದರೂ ಇತ್ತು. ಪೂಜೆ ಮುಗಿಸಿ, ವಿಭೂತಿಯ ಬೆರಳಲ್ಲೇ ಬುಟ್ಟಿಯಿಂದ ಒಂದು ಹಣ್ಣು ಎತ್ತಿಕೊಂಡು ಹೊರಡುತ್ತಿದ್ದೆ. ಮುಷ್ಟಿಯಲ್ಲಿ ಅದುಮುತ್ತಾ, ಉಗುರಿನಿಂದ ಕೊರೆಯುತ್ತಾ, ಆಗಾಗ ಮೂಗಿಗೆ ಹಿಡಿಯುತ್ತಾ ಸುತ್ತುತ್ತಿದ್ದೆ. ಮೂರನೆಯ ಸುತ್ತನ್ನೂ ದಾಟಿದೆ. ಕೊನೆಗೆ ನಜ್ಜುಗುಜ್ಜಾದ ಹಣ್ಣನ್ನು ಏನು ಮಾಡುವುದು? ದಾರಿಯಲ್ಲಿ ಎಸೆಯಬಾರದೆಂದು ಸಿಸ್ಟರ್ ಕಲಿಸಿದ್ದಾರೆ, ಯಾರೂ ತುಳಿಯದ ಕಡೆ ಹಾಕಬೇಕೆಂದು ಅಮ್ಮ ಕಲಿಸಿದ್ದಾಳೆ. ಇಬ್ಬರ ಮಾತನ್ನೂ ಪಾಲಿಸಿ ಬೆಂಚಿನ ಹಿಂದಿನ ಹೊಂಗೆಮರದ ಬುಡದಲ್ಲಿ ಮೆಲ್ಲಗೆ ಇಟ್ಟು ಬರುತ್ತಿದ್ದೆ.

ಕೆಲವು ದಿನಗಳಲ್ಲಿ ಒಂದು ಬದಲಾವಣೆ ಕಾಣಿಸಿತು. ಮೊದಲೆಲ್ಲ "ಬೇಗ ಬಂದಿದೀರಲ್ಲ" ಎನ್ನುತ್ತಿದ್ದ ನಿವೃತ್ತ ಮೇಷ್ಟರು ನನ್ನನ್ನು ಕಂಡರೆ ಆಕಾಶ ನೋಡತೊಡಗಿದರು. ಕೈ ಚಪ್ಪಾಳೆ ತಟ್ಟಿ ನಗುವ ಲಾಫಿಂಗ್ ಕ್ಲಬ್ಬಿನವರ ನಗು ನಾನು ಹತ್ತಿರ ಬಂದಾಗ ಕಡಿಮೆಯಾಗಿ, ದಾಟಿ ಹೋದ ಮೇಲೆ ಮತ್ತೆ ಏಳುತ್ತಿತ್ತು. ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಉಳಿದ ಬೆಂಚುಗಳಲ್ಲಿ ಒತ್ತಿಕೊಂಡು ಕೂತರೂ ಅದು ಖಾಲಿ. ಒಂಟಿಯಾಗಿರುವವರಿಗೆ ಒಂದು ವಾಸನೆ ಬರುತ್ತದೇನೋ, ಅದು ಜನಕ್ಕೆ ಹೊಡೆಯುತ್ತದೇನೋ ಎಂದುಕೊಂಡೆ. ಮನೆಗೆ ಬಂದು ಸೆರಗು ಮೂಸಿ ನೋಡಿಕೊಂಡೆ. ನಿಂಬೆಯ ವಾಸನೆ ಬಿಟ್ಟರೆ ಬೇರೇನಿರಲಿಲ್ಲ.

ಒಂದು ದಿನ ನಿಂಬೆಹಣ್ಣೂ ಕೈಬಿಟ್ಟಿತು. ಕಣ್ಣು ಕತ್ತಲೆಯಾಗಿ, ಹೊಂಗೆಮರ ಹಿಡಿದು ಬಗ್ಗಿದೆ. ಚಪ್ಪಲಿಯ ನಾಟಕಕ್ಕೂ ಸಮಯವಿರಲಿಲ್ಲ. ದಾರಿಯಲ್ಲಿ ಹೆಜ್ಜೆಗಳು ಬಂದವು, ನಿಂತವು, ಬೇಗ ಬೇಗ ದಾಟಿಹೋದವು. ಆಮೇಲೆ ಒಂದು ಜೋಡಿ ಹೆಜ್ಜೆ ಹುಲ್ಲಿನ ಮೇಲೆಯೇ ಓಡಿ ಬಂತು. ಕಪ್ಪು ಬುರ್ಖಾದ ಅಂಚು, ಕೆಳಗೆ ಬಿಳಿಯ ಕ್ಯಾನ್ವಾಸ್ ಶೂ, ಅದರ ಲೇಸು ಮಾತ್ರ ಗುಲಾಬಿ. ಅಷ್ಟು ಕಾಣುವಷ್ಟರಲ್ಲಿ ಒಂದು ಅಂಗೈ ನನ್ನ ಹಣೆಯನ್ನು ಹಿಡಿಯಿತು.

"ತಡಕೋಬೇಡಿ ಅಕ್ಕಾ, ಬರ್ಲಿ, ಎಲ್ಲಾ ಬಂದ್ಬಿಡ್ಲಿ."

ಬಂತು. ಕಣ್ಣೀರೂ ಬಂತು. ಅದು ವಾಂತಿಯ ಜೊತೆ ಬರುವ ಕಣ್ಣೀರು ಎಂದು ಅವಳು ತಿಳಿದುಕೊಂಡಿರಬೇಕು, ಒಳ್ಳೆಯದೇ ಆಯಿತು.

ಅವಳ ಹೆಸರು ಶಾಹಿದಾ. ಹಿಂದಿನ ರಸ್ತೆಯಲ್ಲಿ ಗ್ಯಾರೇಜು ಇಟ್ಟವರ ಮನೆಯವಳು, ಬಿ.ಪಿ.ಗಾಗಿ ನಡೆಯುವವಳು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತನ್ನ ಬಾಟಲಿಯ ನೀರು ಕುಡಿಸಿ, ತಾನೂ ತುದಿಯಲ್ಲಿ ಕೂತಳು.

"ಒಂದ್ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು. ಆ ನಿಂಬೆಹಣ್ಣು ಯಾರಿಗೆ?"

"ಯಾರಿಗೆ ಅಂದ್ರೆ?"

"ಅದೇ, ಯಾರ ಮೇಲೆ ಮಾಡಿಸ್ತಿದೀರ ಅಂತ. ದಿನಾ ಬೂದಿ ಹಚ್ಚಿ, ಚುಚ್ಚಿ, ಏನೋ ಮೂಸ್ತಾ ಸುತ್ತು ಹಾಕ್ತೀರ, ಮರದ ಬುಡದಲ್ಲಿ ಇಟ್ಟು ಹೋಗ್ತೀರ. ಲಾಫಿಂಗ್ ಕ್ಲಬ್ನೋರು ಹೆದರಿ ಆ ಕಡೆ ಗೇಟಿಂದ ಬರ್ತಿದಾರೆ ಮಾರಾಯ್ತಿ!"

ನನಗೆ ಅರ್ಥವಾಗಲು ಒಂದು ಗುಟುಕು ನೀರು ಹಿಡಿಯಿತು. "ಅಯ್ಯೋ, ಅದು ವಾಕರಿಕೆಗೆ!" ಎಂದೆ. "ಬಸ್ಸಲ್ಲಿ ಮೂಸ್ತೀವಲ್ಲ, ಹಾಗೆ."

ಶಾಹಿದಾ ನನ್ನನ್ನು ನೋಡಿದಳು, ಮರದ ಬುಡದಲ್ಲಿ ಒಣಗಿದ್ದ ಹಣ್ಣುಗಳ ಸಾಲನ್ನು ನೋಡಿದಳು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ನಿಮಗೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಆಗಿತ್ತು. ಇವತ್ತು ನೋಡಿದ್ರೆ ಮಾಟ ಮಾಡೋರಿಗೇ ವಾಂತಿ! ಯಾ ಅಲ್ಲಾ, ಇಷ್ಟು ಕೆಲಸ ಬರದ ಮಾಟಗಾತಿಗೆ ಯಾಕೆ ಹೆದರ್ಲಿ ಅಂತ ಬಂದೆ."

ಕ್ಲಬ್ಬಿನವರು ತಟ್ಟುವ ಚಪ್ಪಾಳೆ ಇಲ್ಲದೆಯೇ ನಾವಿಬ್ಬರೂ ಆ ದಿನ ಚೆನ್ನಾಗಿ ನಕ್ಕೆವು. ಆಮೇಲೆ ಅವಳು ನನ್ನ ಕೈಹಿಡಿದು ಡಾಕ್ಟರ ಬಳಿಗೆ ಹೊರಡಿಸಿದಳು. ಡಾಕ್ಟರು ಎಲ್ಲ ಕೇಳಿ, ಪರೀಕ್ಷೆ ಮಾಡಿದಳು, ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಮಾತ್ರೆ ನುಂಗಿ, ಖಾಲಿ ಹೊಟ್ಟೇಲಿ ಅಷ್ಟು ಜೋರಾಗಿ ನಡೀತಿದ್ರಾ? ಮೊದಲೇ ಹೇಳಬಾರದಾ ಆಂಟಿ?" ಎಂದಳು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕೆಂಬುದು ಕಾನ್ವೆಂಟಿನ ಇನ್ನೊಂದು ಪಾಠ, ಅದನ್ನು ಅವಳಿಗೆ ವಿವರಿಸಲಿಲ್ಲ. ಮಾತ್ರೆಯ ಹೊತ್ತು ಬದಲಾಯಿತು. ಹೊರಡುವ ಮುಂಚೆ ಹೊಟ್ಟೆಗೆ ಸ್ವಲ್ಪ ಏನಾದರೂ, ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ. "ಮಾತಾಡೋಕೆ ಉಸಿರು ಸಾಲ್ತಿಲ್ಲ ಅಂದ್ರೆ ನಿಧಾನ ಮಾಡಿ" ಎಂದಳು. ಇಷ್ಟು ದಿನ ಮಾತಾಡಿ ನೋಡಲು ನನಗೆ ಯಾರಿದ್ದರು?

ಅಂದು ಮಗಳಿಗೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಹೊಂಗೆ ಹೂ ಬಿಟ್ಟಿದ್ದು ಸುಳ್ಳಾ?" ಎಂದಳು. ಅದು ನಿಜವೆಂದೆ. ಆ ಭಾನುವಾರ ಬಂದು, ಹೂ ಇದೆಯೋ ಇಲ್ಲವೋ ಎಂದು ಪಾರ್ಕಿಗೇ ಹೋಗಿ ನೋಡಿಕೊಂಡು, ಸಂಜೆಯ ಬಸ್ಸಿಗೆ ಹೋದಳು.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮೊಣಕಾಲು ಇನ್ನೂ ಚುಚ್ಚುತ್ತದೆ, ಇಬ್ಬರು ದೇವರಿಗೂ ಅವರವರ ಪಾಲು ಸಲ್ಲುತ್ತಿದೆ. ಪಾರ್ಕಿನಿಂದ ಮನೆಗೆ ಬಂದು ಬೀಗ ತೆಗೆದಾಗ ಮೊದಲು ಕೇಳಿಸುವುದು ಈಗಲೂ ಫ್ರಿಜ್ಜಿನ ಸದ್ದೇ. ಸಕ್ಕರೆ ಇಳಿದಿದೆ, ಆದರೆ ಸ್ವಲ್ಪವೇ. "ಸದ್ಯಕ್ಕೆ ಇನ್ಸುಲಿನ್ ಬೇಡ, ಮುಂದೆ ನೋಡೋಣ" ಎಂದಿದ್ದಾಳೆ ಡಾಕ್ಟರು. ಮುಂದೆ ಬೇಕಾಗಬಹುದು, ಕಲಿಯಬೇಕಾದರೆ ಕಲಿತೇನು.

ಆದರೆ ಆ ರಿಪೋರ್ಟಿಗಾಗಿ ರಕ್ತ ಕೊಡಲು ಹೋದ ಬೆಳಗ್ಗೆ, "ನನಗೂ ಬಿ.ಪಿ. ನೋಡಿಸ್ಬೇಕು" ಎಂಬ ನೆಪ ಹೇಳಿ ಶಾಹಿದಾ ಜೊತೆಗೆ ಬಂದಿದ್ದಳು. ಲ್ಯಾಬಿನ ಹುಡುಗಿ ತೋಳಿಗೆ ರಬ್ಬರು ಬಿಗಿದಳು. ನಾನು ಅಭ್ಯಾಸದಂತೆ ಮುಖವನ್ನು ಆಚೆ ಕಡೆ ತಿರುಗಿಸಿದೆ. ಅಲ್ಲಿ ಶಾಹಿದಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ನಾನು ಕೂರುವ ಮುಂಚೆ ಅವಳ ಕೈಗೆ ಕೊಟ್ಟಿದ್ದ ನಿಂಬೆಹಣ್ಣನ್ನು ತನ್ನ ಮೂಗಿಗೆ ಒತ್ತಿ ಹಿಡಿದು ಕೂತಿದ್ದಳು. ಅವಳಿಗೂ ಸೂಜಿ ಕಂಡರೆ ಆಗುವುದಿಲ್ಲವಂತೆ, ಹೇಳಿರಲಿಲ್ಲ. ಖಾಲಿಯಿದ್ದ ನನ್ನ ಇನ್ನೊಂದು ಕೈಯನ್ನು ಚಾಚಿ ನಾನು ಅವಳ ಹಣೆ ಹಿಡಿದೆ. ಸೂಜಿ ಯಾವಾಗ ಬಂದು ಯಾವಾಗ ಹೋಯಿತೋ, ಇಬ್ಬರಿಗೂ ತಿಳಿಯಲಿಲ್ಲ.