ಮೇಜಿನ ಕೆಳಗಿನ ಕೀಬೋರ್ಡು

ನಮ್ಮ ಚಿಕ್ಕಪ್ಪನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಅವಸರದವರು ಹೋಗಬಾರದಿತ್ತು. ಮೆಮೊರಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆ ಒಮ್ಮೆ ಶುರುವಾದರೆ ಗಂಟೆಗಟ್ಟಲೆ ಓಡುತ್ತಿತ್ತು, ಕೀಬೋರ್ಡಿನ ಯಾವ ಗುಂಡಿ ಒತ್ತಿದರೂ ನಿಲ್ಲುತ್ತಿರಲಿಲ್ಲ.

"ಕೋಣನ ಮುಂದೆ ಕಿನ್ನರಿ! ಈ ದರಿದ್ರ ಪ್ರೋಗ್ರಾಮಿಗೆ ಹೊಸ ಕೀಬೋರ್ಡು ಕಾಣಿಸೋದೇ ಇಲ್ಲ. ಕೂತ್ಕೊಳ್ಳಿ" ಎಂದು ರೇಗುತ್ತಲೇ ಸ್ಟೂಲು ಎಳೆದು ಹಾಕುತ್ತಿದ್ದರು.

ಬೆಸುಗೆಯ ಹೊಗೆ ತುಂಬಿದ ಆ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದ ಹರಟೆ ಈಗ ಬೇಕೆಂದರೂ ಸಿಗದು. ಚಿಕ್ಕಮ್ಮನೂ ಹಾಗೆ ಕಾಯುತ್ತ ಕೂತ ಗಿರಾಕಿಯೇ. ಬೈಗುಳ ಕೇಳಿ ನಕ್ಕೂ ನಕ್ಕೂ ಕೊನೆಗೆ ಅವರನ್ನೇ ಕಟ್ಟಿಕೊಂಡರು.

ಚಿಕ್ಕಮ್ಮ ತೀರಿಹೋದ ಮೇಲೆ ಆ ಬೈಗುಳವೂ ತಣ್ಣಗಾಯಿತು. ಮೊನ್ನೆ ಚಿಕ್ಕಪ್ಪನ ಜೊತೆ ಅಂಗಡಿ ಖಾಲಿ ಮಾಡಲು ಹೋದಾಗ ಮೇಜಿನ ಕೆಳಗೆ ದುಂಡು ಪಿನ್ನಿನ ಹಳೇ ಕೀಬೋರ್ಡೊಂದು ಸಿಕ್ಕಿತು. ಅದನ್ನು ಸಿಕ್ಕಿಸಿ ಪರೀಕ್ಷೆ ಶುರು ಮಾಡಿದೆ. ಒಂದೇ ಗುಂಡಿಗೆ ನಿಂತುಬಿಟ್ಟಿತು! ನನಗೆ ಪಿತ್ತ ನೆತ್ತಿಗೇರಿತು.

"ಇದನ್ನ ಇಟ್ಕೊಂಡು ಇಷ್ಟು ವರ್ಷ ಜನರನ್ನ ಕಾಯಿಸಿದ್ರಾ ಚಿಕ್ಕಪ್ಪ?"

ಅವರು ಅದರ ಧೂಳನ್ನು ಅಂಗೈಯಲ್ಲೇ ಒರೆಸಿದರು.

"ಅವತ್ತು ನಿಮ್ಮ ಚಿಕ್ಕಮ್ಮ ತುಂಬಾ ಅವಸರದಲ್ಲಿ ಬಂದಿದ್ಲು ಕಣೆ. ಕಾಲಲ್ಲೇ ಇದನ್ನ ಒಳಗೆ ತಳ್ಳಿಬಿಟ್ಟೆ. ಆಮೇಲೆ ತೆಗೆಯೋಕೆ ಮನಸ್ಸೇ ಬರಲಿಲ್ಲ."